ಹೊಗೆ ಎಂದವಳು ನಾನೇ

"ಈ ಹೊಗೆ ನಿಮ್ಮದಾ?"

ಲೈಸಾ ತಿರುಗಿ ನೋಡಿದಳು. ರಬ್ಬರ್ ಶೀಟು ಒಣಗಿಸುವ ಹೊಗೆಗೂಡಿನ ಬಾಗಿಲಲ್ಲಿ ಅಪರಿಚಿತನೊಬ್ಬ ನಿಂತಿದ್ದ. ಕೈಯಲ್ಲಿ ಸುರುಳಿ ಸುತ್ತಿದ ದೊಡ್ಡ ಫೋಟೊ. ಅವಳ ಕಣ್ಣಲ್ಲಿ ಸುರಿಯುತ್ತಿದ್ದ ನೀರು ಕಂಡು ಅವನಿಗೆ ಗಾಬರಿಯಾಯಿತು.

"ನೀವು ಅಳ್ತಾ ಇದ್ದೀರಾ?"

"ಹೊಗೆಗೂಡಲ್ಲಿ ಮತ್ತೆಂತ, ನಗುದಾ?"

ಅಷ್ಟೇ ಆದದ್ದು. 1985ರ ಮಾರ್ಚ್‌ನಲ್ಲಿ, ಕಡಬದ ಆ ಗುಡ್ಡದ ಬದಿಯಲ್ಲಿ, ಇಬ್ಬರೂ ಅಲ್ಲೇ ಕೆಟ್ಟರು ಎಂದಿಟ್ಟುಕೊಳ್ಳಿ.

ಅವನು ಮಂಡೆಕೋಲಿನವನು. ಉಪಗ್ರಹ ತೆಗೆದ ಚಿತ್ರಗಳನ್ನು ಪರಿಶೀಲಿಸುವ ಕಚೇರಿಯಲ್ಲಿ ಕೆಲಸ. ಆ ಚಿತ್ರಗಳಲ್ಲಿ ಘಟ್ಟದ ಮೇಲೆ ಬಿಳಿ ಮಬ್ಬು ಕಾಣುತ್ತಿತ್ತು. ಅದು ಕಾಡ್ಗಿಚ್ಚಿನ ಹೊಗೆಯೋ, ಅರಬ್ ಮರಳುಗಾಡಿನಿಂದ ಕಡಲು ದಾಟಿ ಬಂದ ಧೂಳೋ? ಮೇಲಿನಿಂದ ನೋಡಿದರೆ ಎರಡೂ ಒಂದೇ ಥರ. ಅದಕ್ಕೇ ಊರೂರು ಸುತ್ತಿ ಜನರನ್ನು ಕೇಳುತ್ತಿದ್ದ.

"ನಿಮ್ಮ ಹೆಸರೆಂತ?"

"ದೇರಣ್ಣ."

ಲೈಸಾಗೆ ನಗು ತಡೆಯಲಾಗಲಿಲ್ಲ. "ಹೆಸರಲ್ಲೇ ಅಣ್ಣ ಉಂಟಲ್ಲ ಮಾರಾಯ್ರೆ."

ಅವನು ಮತ್ತೆ ಬಂದ. ಮತ್ತೂ ಬಂದ. ನೆಪ ಮಬ್ಬಿನದು. ಇಷ್ಟೊಂದು ಸಲ ವಿಚಾರಿಸುವಷ್ಟು ಮಬ್ಬು ಯಾವ ಆಕಾಶದಲ್ಲೂ ಇರುವುದಿಲ್ಲ ಬಿಡಿ. ಒಂದು ಸಂಜೆ ಅವಳೇ ಬಾಯಿಬಿಟ್ಟಳು.

"ನನಗೆ ಅಣ್ಣ ಬೇಡ. ದೇರ ಅಂತ ಕರೀತೇನೆ. ಆಗ್ತದಾ?"

ಅವನ ಕಿವಿ ಕೆಂಪಾಯಿತು. "ಆಗ್ತದೆ" ಎಂದ.

ಅದೇ ಸಂಜೆ ಅವನು ಹೊಸ ಚಿತ್ರ ಬಿಡಿಸಿಟ್ಟ. "ಇದು ಹೋದ ಶನಿವಾರದ್ದು. ಇಲ್ಲಿ ನೋಡು, ಕಾಡಿನ ಮೇಲೆ ಬೆಳ್ಳಗೆ ಉಂಟು. ಆ ದಿನ ಈ ಬದಿಯಲ್ಲಿ ಬೆಂಕಿ ಇತ್ತಾ? ಹೊಗೆ ಅಂತಾದರೆ ನನ್ನ ಲೆಕ್ಕ ಸರಿಯಾಗ್ತದೆ ಲೈಸಾ."

ಆ ಶನಿವಾರ ಅವಳ ಅಪ್ಪ, ಅವಳು ಮಲಯಾಳದಲ್ಲಿ ಅಪ್ಪಚ್ಚನ್ ಎಂದು ಕರೆಯುವ ಪೈಲಿ, ತೋಟದ ಬದಿಯ ಒಣಪೊದೆ ಸುಟ್ಟಿದ್ದರು. ಮಧ್ಯಾಹ್ನದ ಊಟಕ್ಕೆ ಮೊದಲೇ ಅದು ಆರಿತ್ತು. ಆದರೆ ಅವನ ಮುಖದಲ್ಲಿ ಎಷ್ಟು ಆಸೆ... ಆ ಮುಖ ಬಾಡುವುದನ್ನು ನೋಡಲು ಅವಳಿಗೆ ಮನಸ್ಸಾಗಲಿಲ್ಲ.

"ಹೌದು ದೇರ. ದೊಡ್ಡ ಬೆಂಕಿ. ಅಪ್ಪಚ್ಚನ್ ಹಾಕಿದ್ದು, ಕಾಡಿಗೆ ಹೋಯ್ತು."

ಅವನು ನಕ್ಕ. ಆ ನಗುವಿಗಾಗಿ ಅವಳು ಏನು ಬೇಕಾದರೂ ಹೇಳುತ್ತಿದ್ದಳು. ಪಾಪದ ಹುಡುಗಿ, ಹೇಳಿಯೂ ಬಿಟ್ಟಿದ್ದಳು.

ಅವಳ ಮಾತು ಸೇರಿಸಿ ಅವನು ಬರೆದ ವರದಿ ಮೇಲಿನವರ ಕೈಗೆ ಹೋಯಿತು. ಮಳೆ ಬರುವ ಮೊದಲೇ ಅಂಗಳಕ್ಕೆ ಅರಣ್ಯ ಇಲಾಖೆಯ ಜೀಪು ಬಂತು. ಸರಕಾರಿ ಕಾಡು ಸುಟ್ಟ ಕೇಸು ಎಂದು ಪೈಲಿಯನ್ನು ಪುತ್ತೂರಿಗೆ ಕರೆದೊಯ್ದರು.

ಸುದ್ದಿ ಕೇಳಿ ದೇರಣ್ಣ ಓಡಿ ಬಂದ. ಲೈಸಾ ಬೇಲಿಯ ದಣಪೆಯ ಬಳಿಯೇ ತಡೆದಳು.

"ನನ್ನ ಬಾಯಿಂದ ತೆಗೆಸಿ ಅಪ್ಪಚ್ಚನ ತಲೆಗೆ ಕಟ್ಟಿದಿರಲ್ಲ?"

"ಕೇಸು ಮಾಡ್ತಾರೆ ಅಂತ ನನಗೆ ಗೊತ್ತಿರಲಿಲ್ಲ ಲೈಸಾ..."

"ಹೋಗಿ, ದೇರಣ್ಣ."

ಅವನು ತಲೆ ತಗ್ಗಿಸಿ ಇಳಿದು ಹೋದ.

ಪೈಲಿ ಜಾಮೀನಿನಲ್ಲಿ ಮನೆಗೆ ಬಂದರು, ಆದರೆ ಮೊದಲಿನ ಪೈಲಿಯಾಗಿ ಅಲ್ಲ. ಇಗರ್ಜಿಗೆ ಹೋಗುವುದು ಬಿಟ್ಟರು. ದಿನಾ ಮಗಳಿಗೆ ಒಂದೇ ಪ್ರಶ್ನೆ. "ನಮ್ಮ ಮೇಲೆ ಹೀಗೆ ಹೇಳಿದ್ದು ಯಾರು ಮೋಳೇ?"

ಲೈಸಾ ಗಂಜಿ ಬಡಿಸುತ್ತಿದ್ದಳು. ನಾನೇ ಅಪ್ಪಚ್ಚಾ... ಎನ್ನುವ ಬದಲು ಇನ್ನೊಂದು ಸೌಟು ಹಾಕುತ್ತಿದ್ದಳು. ಮರುವರ್ಷದ ಮಳೆಗಾಲದಲ್ಲಿ ಪೈಲಿ ತೀರಿಕೊಂಡರು, ಉತ್ತರ ಸಿಗದೆ.

ಅದರ ಮುಂದಿನ ಬೇಸಿಗೆಯಲ್ಲಿ ದೇರಣ್ಣ ಬಂದ. ಸೊರಗಿದ್ದ. ಕಂಕುಳಲ್ಲಿ ಅದೇ ಥರದ ಸುರುಳಿ. ಹೊಗೆಗೂಡಿಗೆ ತಾಗಿದ ಮನೆಜಗಲಿಯಲ್ಲಿ ಬಿಡಿಸಿದ.

"ಬೇರೆ ಉಪಗ್ರಹದ್ದು. ಅದೇ ಶನಿವಾರ. ಆಗಿನ ಚಿತ್ರ ಕರಾವಳಿಗೇ ಮುಗಿದಿತ್ತು. ಇದರಲ್ಲಿ ಕಡಲು ಪೂರ್ತಿ ಉಂಟು."

ಬಿಳಿ ಪಟ್ಟಿಯೊಂದು ಮರಳುಗಾಡಿನಲ್ಲಿ ಹುಟ್ಟಿ, ಕಡಲು ದಾಟಿ, ಕಡಬದ ಮೇಲೆ ಹಾದು ಘಟ್ಟಕ್ಕೆ ತಾಗಿತ್ತು.

"ಹೊಗೆ ಅಲ್ಲ ಲೈಸಾ. ಧೂಳು. ಇದನ್ನು ತರಿಸಲಿಕ್ಕೇ ಇಷ್ಟು ಸಮಯ ಹಿಡಿಯಿತು. ಇದನ್ನು ಕೊಟ್ಟರೆ ಕೇಸು ಬಿಡ್ತಾರೆ. ಪೈಲಿಯವರನ್ನು ಕರಿ, ನಾನೇ ಹೇಳಬೇಕು."

ಲೈಸಾ ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಪೈಲಿಯ ಫೋಟೊ, ಕೆಳಗೆ ಮೇಣದ ಬತ್ತಿ.

ಅವನು ಜಗಲಿಯ ಅಂಚಿಗೆ ಕೂತ.

"ದೊಡ್ಡ ಬೆಂಕಿ ಇರಲೇ ಇಲ್ಲ" ಎಂದಳು ಅವಳು. "ನಿಮ್ಮ ಮುಖ ನೋಡಿ ಸುಳ್ಳು ಹೇಳಿದೆ. ಅಪ್ಪಚ್ಚನ್ ಸಾಯುವವರೆಗೆ ಕೇಳಿದ್ರು, ಹೇಳಿದ್ದು ಯಾರು ಅಂತ. ನಾನು ಹೇಳಲಿಲ್ಲ. ನಿಮ್ಮನ್ನು ಓಡಿಸಿದೆ."

ಅವನು ಚಿತ್ರದ ಬಿಳಿ ಪಟ್ಟಿಯ ಮೇಲೆ ಬೆರಳಾಡಿಸಿದ.

"ಮೊದಲ ಚಿತ್ರ ನೋಡಿದಾಗಲೇ ಇದು ಧೂಳಿರಬಹುದು ಅಂತ ನನಗೆ ಅನುಮಾನ ಇತ್ತು" ಎಂದ. "ನಾನು ಚಿತ್ರವನ್ನು ನಂಬಲಿಲ್ಲ. ನಿನ್ನನ್ನು ನಂಬಿದೆ. ತಪ್ಪಿನಲ್ಲಿ ನನಗೂ ಪಾಲುಂಟು."

ಅವನು ಎದ್ದು ಹೊಸ ಚಿತ್ರವನ್ನು ಪೈಲಿಯ ಫೋಟೊದ ಕೆಳಗೆ ಇಟ್ಟ. ಕೈ ಮುಗಿದ. ತಿರುಗಿದಾಗ ಅವಳ ಕೆನ್ನೆ ಒದ್ದೆಯಾಗಿತ್ತು.

"ಹೊಗೆಯಾ?" ಅವನು ಮೆಲ್ಲಗೆ ಕೇಳಿದ.

"ಇವತ್ತು ಹೊಗೆ ಹಾಕಲಿಲ್ಲ ದೇರ. ನಾನು ಅಳ್ತಾ ಇದ್ದೇನೆ."