ಹಾವಸೆ ಬೆಳೆದ ಬಾವಿ

"ಅಯ್ಯೋ...!"

ಮೆಟ್ಟಿಲ ಮೇಲೆ ಭವಾನಿಯ ಬಲಗಾಲು ಜಾರಿತು. ಕೆಳಗೆ ಬಾವಿಯ ಕಪ್ಪು ನೀರು! ಯಾರದೋ ಕೈ ಅವಳ ರಟ್ಟೆ ಹಿಡಿದು ಮೇಲಕ್ಕೆಳೆಯಿತು.

"ಜೀವ ಬ್ಯಾಸರಾಗೇತೇನ್ರಿ? ಇಂಥಾ ಪಾಚಿ ಮ್ಯಾಲ ಯಾರರ ಇಳಿತಾರ?"

ಅವನು ಬಸವಕುಮಾರ, ಯಲಬುರ್ಗಾ ಹತ್ತಿರದ ಆ ಊರಿನ ವಾಟರ್‌ಮನ್. ಬೈಯುತ್ತಿದ್ದರೂ ಅವಳ ರಟ್ಟೆಯನ್ನು ಇನ್ನೂ ಬಿಟ್ಟಿರಲಿಲ್ಲ. ಅವಳಿಗಿಂತ ಹೆಚ್ಚು ಹೆದರಿದ್ದವನು ಅವನೇ! ಯಾಕೆ?

"ಪಾಚಿ ಅಲ್ರಿ, ಹಾವಸಿ," ಎಂದಳು ಭವಾನಿ, ಉಸಿರು ಹತೋಟಿಗೆ ಬಂದ ಮೇಲೆ. ಗಂಗಾವತಿಯ ಹುಡುಗಿ. ಹಾವಸೆ ಎಂಬ ಈ ಪುಟ್ಟ ಸಸ್ಯದ ಮೇಲೆಯೇ ಪಿಎಚ್‌.ಡಿ. ಮಾಡುತ್ತಿದ್ದಳು.

ಆಮೇಲೆ ಅವಳು ಬಂದಾಗಲೆಲ್ಲ ಅವನೂ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದ. ಅವಳು ವಿವರಿಸುತ್ತಿದ್ದಳು:

"ಇದಕ್ಕ ಬೇರು ಇಲ್ರಿ. ಮೈಯಿಂದನ ನೀರು ಕುಡಿತೈತಿ. ಬ್ಯಾಸಗ್ಯಾಗ ಸತ್ತಂಗ ಒಣಗಿರ್ತೈತಿ, ನಾಕು ಹನಿ ಬಿದ್ರ ಮತ್ತ ಹಸರು! ಈ ಕಡ್ಡಿ ತುದಿಗಿ ಸಣ್ಣ ಡಬ್ಬಿ ಅದಾವಲ್ಲ, ಅದರಾಗಿನ ಪುಡಿ ಗಾಳ್ಯಾಗ ಹಾರಿ, ನಮ್ಮ ಬಂಡಿಗಲ್ಲ ಮ್ಯಾಲೂ ಹುಟ್ಟತೈತಿ, ಹಿಮದ ನಾಡಿನಾಗೂ ಹುಟ್ಟತೈತಿ."

ಅವನು ಹಾವಸೆಯನ್ನು ನೋಡುತ್ತಿರಲಿಲ್ಲ. ಅವಳ ಪಾದವನ್ನೇ ನೋಡುತ್ತಿದ್ದ.

"ಇನ್ನ ಕೆಳಗ ಇಳಿಬ್ಯಾಡ್ರಿ..."

ಎಂಟು ತಿಂಗಳು ಕಳೆದವು. ಅವನನ್ನು ನೋಡದ ದಿನ ಭವಾನಿಗೆ ಊಟ ರುಚಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಂದು ನೋಡಿದರೆ... ಮೇಲಿನ ಮೆಟ್ಟಿಲುಗಳೆಲ್ಲ ಬೋಳು! ಅವಳು ಅಧ್ಯಯನಕ್ಕೆಂದು ಸುಣ್ಣದಿಂದ ಗುರುತು ಹಾಕಿದ್ದ ಕಡೆಯೆಲ್ಲ ಬರೀ ಕಲ್ಲು. ಪಕ್ಕದಲ್ಲಿ ಸಲಿಕೆ ಹಿಡಿದ ಬಸವಕುಮಾರ.

"ಎಂಟು ತಿಂಗಳ ಕೆಲಸಾ ಕೆರದು ಹಾಕಿದ್ರಿ! ಇನ್ನ ನಿಮ್ಮ ಮುಖಾ ತೋರಸಬ್ಯಾಡ್ರಿ!"

ಅವನು ಸಲಿಕೆ ಹೆಗಲಿಗೇರಿಸಿ ಹೊರಟುಹೋದ.

ಹದಿನೈದು ದಿನಗಳ ನಂತರ, ಏನಾದರೂ ಉಳಿದಿದೆಯೇ ನೋಡಲು ಬಂದಳು. ದಾರಿಯಲ್ಲೇ ಅವನ ತಾಯಿ ಶೇಖರಮ್ಮ ಎದುರಾದಳು, ಮುಖ ಬಿಳಿಚಿತ್ತು.

"ನನ್ನ ಮಗಳು ಇದ ಬಾವ್ಯಾಗ ಜಾರಿ ಬಿದ್ದು ಸತ್ತು ಹ್ವಾದಳವ್ವಾ. ನೀ ಇಳಿಯಾಕ ಹತ್ತಿದ ಮ್ಯಾಲ ನನ್ನ ಮಗಗ ನಿದ್ದಿ ಇಲ್ಲ, ಅದಕ್ಕ ಕೆರದ. ಈಗ ನಿನ್ನ ಹಾವಸಿ ಕೆಳಗರ ಉಳದೈತೇನು ನೋಡ್ತೀನಂತ ನಸಕಿನ್ಯಾಗ ಹೋಗ್ಯಾನ... ಇನ್ನೂ ಬಂದಿಲ್ಲ!"

ಭವಾನಿ ಓಡಿದಳು.

ನೀರಿನ ಮೇಲೆ ಒಂದೇ ಒಂದು ಚಪ್ಪಲಿ ತೇಲುತ್ತಿತ್ತು.

"ಬಸವಕುಮಾರ್‌ರೀ...!"

ಅವಳ ಕೂಗೇ ಬಾವಿಯಿಂದ ಮರಳಿ ಬಂತು. 'ದೇವರೇ, ನಾನಾಡಿದ ಆ ಮಾತೇ ಕಡೆಯದಾಗಬಾರದು...'

"ಇಲ್ಲೇ... ಅದೀನ್ರಿ..."

ಕೆಳಗಿನ ಕಮಾನಿನಡಿ, ಸೊಂಟದ ತನಕ ನೀರಲ್ಲಿ, ಒಂದು ಕಲ್ಲನ್ನು ತಬ್ಬಿ ನಿಂತಿದ್ದ. ಕಾಲು ಉಳುಕಿತ್ತು.

ಕೆಳಗಿನ ಮೆಟ್ಟಿಲುಗಳ ಮೇಲೆ ಹಾವಸೆ ಇನ್ನೂ ದಟ್ಟವಾಗಿತ್ತು. ಭವಾನಿ ಕುಳಿತುಕೊಂಡೇ, ಅಂಗೈ ಊರಿ ಊರಿ ಇಳಿದಳು. ಎರಡು ಸಲ ಜಾರಿದಳು. ವೇಲಿನ ಒಂದು ತುದಿಯನ್ನು ಕಮಾನಿನ ಕಂಬಕ್ಕೆ ಬಿಗಿದು ಇನ್ನೊಂದನ್ನು ಅವನತ್ತ ಎಸೆದಳು. ಶೇಖರಮ್ಮ ಕೂಗಿ ಜನ ಸೇರಿಸುವಷ್ಟರಲ್ಲಿ ಅವನು ಮೆಟ್ಟಿಲ ಮೇಲಿದ್ದ.

"ಕೆಳಗ ಗ್ವಾಡಿ ತುಂಬ ಐತ್ರಿ, ನಿಮ್ಮ ಹಾವಸಿ..."

"ಸುಡ್ಲಿ ಹಾವಸಿ! ನಿಮಗೇನರ ಆಗಿದ್ರ ನಾ ಹೆಂಗ ಬದುಕ್ಲಿ?"

ಅವನು ಬೆರಗಾಗಿ ನೋಡಿದ. "ಹಂಗಂದ್ರ...?"

"ಹಂಗಂದ್ರ ಹಂಗ! ನೀವಂದ್ರ ನನಗ ಜೀವ."

"ನನಗೂ ಮೊದಲಿಂದ ನೀವಂದ್ರ ಜೀವ ರೀ. ಹೇಳಿದ್ರ ನಿಮ್ಮನ್ನೂ ಕಳಕೋತೀನೇನೋ ಅಂತ ಹೆದರಿಕಿ..."

"ಈಗ ಹೋತೇನು ಹೆದರಿಕಿ?"

"ಇಲ್ರಿ. ಇನ್ನೂ ಜಾಸ್ತಿ ಆಗೇತಿ."

ಭವಾನಿ ಅಳುತ್ತಲೇ ನಕ್ಕು ಅವನ ಭುಜಕ್ಕೆ ಒರಗಿದಳು.

"ನನಗೂ ಅಷ್ಟ. ಇಬ್ಬರೂ ಕೂಡೇ ಹೆದರೋಣ ತಗೋರಿ."