ನೆಗಡಿ ಮಾವನ ಮೂಗು

"ಭೇಷ್ ಕಣಯ್ಯಾ! ಒಂದು ನರಪಿಳ್ಳೆಗೂ ಗೊತ್ತಾಗ್ಲಿಲ್ಲ."

ಕಾರ್ಯಕ್ರಮದ ಮುಖ್ಯಸ್ಥರು ಹೀಗೆಂದು ಬೆನ್ನು ತಟ್ಟಿದ ಗಳಿಗೆಯಲ್ಲೇ ಬದಲಿಯ ಹೊಟ್ಟೆಯೊಳಗೆ ಕಿಚ್ಚು ಹೊತ್ತಿಕೊಂಡಿತು. ಬೈದಿದ್ದರೆ ನಾಲ್ಕು ದಿನದಲ್ಲಿ ಮರೆಯುತ್ತಿದ್ದನೇನೋ. ಆದರೆ ಅವರು ಹೊಗಳಿದ್ದರು. ನೀನು ಇದ್ದೆ ಎಂಬುದೇ ಯಾರಿಗೂ ತಿಳಿಯಲಿಲ್ಲ, ಶಹಬ್ಬಾಸ್ ಎಂದಿದ್ದರು.

ರೇಡಿಯೋ ಕೇಂದ್ರದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಬದಲಿ ಎಂದು. ಸಂಜೆಯ ಮಕ್ಕಳ ಕಾರ್ಯಕ್ರಮದಲ್ಲಿ ಕಪ್ಪೆ, ನಾಯಿ, ಕಿರುಗುಟ್ಟುವ ಬಾಗಿಲು, ಬಿರುಗಾಳಿ ಎಲ್ಲವೂ ಅವನೇ. ಕಾರ್ಯಕ್ರಮದ ಜೀವ ಮಾತ್ರ ನೆಗಡಿ ಮಾವ. ಸದಾ ಮೂಗು ಕಟ್ಟಿಕೊಂಡಿರುವ, ಎಲ್ಲಿಗೆ ಹೋದರೂ ಒಂದು ಎಡವಟ್ಟು ಮಾಡಿಕೊಂಡು ಬರುವ ಮುದಿ ಕರಡಿ ಅದು. ಅದರ ಬಾಯಲ್ಲಿ 'ನ' ಎಲ್ಲ 'ದ', 'ಮ' ಎಲ್ಲ 'ಬ'. "ದಬಸ್ಕಾರ ಬಕ್ಕಳೇ!" ಎಂದು ಅದು ಶುರು ಮಾಡಿತೆಂದರೆ ಊರಿನ ಮಕ್ಕಳು ಆಟ ಬಿಟ್ಟು ಓಡಿ ಬಂದು ರೇಡಿಯೋಕ್ಕೆ ಕಿವಿ ಹಚ್ಚುತ್ತಿದ್ದರು.

ಮೂವತ್ತು ವರ್ಷಗಳಿಂದ ಕರಡಿಗೆ ದನಿ ಕೊಡುತ್ತಿದ್ದ ಹಿರಿಯ ನಟನನ್ನೂ ಜನ ನೆಗಡಿ ಮಾವ ಎಂದೇ ಕರೆಯುತ್ತಿದ್ದರು. ಬದಲಿ ಮಾತ್ರ ಅಣ್ಣ ಎನ್ನುತ್ತಿದ್ದ. ಅಣ್ಣನಿಗೆ ಜ್ವರ ಬಂದ ವಾರ ಕರಡಿಯ ಪಾತ್ರ ಇವನ ಪಾಲಿಗೆ ಬಂದಿತ್ತು. ಎಳ್ಳಷ್ಟೂ ವ್ಯತ್ಯಾಸವಿಲ್ಲದೆ ನಿಭಾಯಿಸಿದ್ದ. ಅದಕ್ಕೆ ಸಿಕ್ಕಿದ್ದು ಈ ಬೆನ್ನು ತಟ್ಟುವಿಕೆ. ಮರುವಾರ ಕೇಂದ್ರ ನೋಡಲು ಬಂದ ಶಾಲೆಯ ಮಕ್ಕಳು ಅಣ್ಣನನ್ನು ಮುತ್ತಿಕೊಂಡಾಗ, ಅವರ ಟೀಚರು ಮಕ್ಕಳ ನೀರಿನ ಬಾಟಲಿಗಳನ್ನೆಲ್ಲ ಬದಲಿಯ ಕೈಗೆ ಕೊಟ್ಟು, "ಸ್ವಲ್ಪ ಹಿಡ್ಕೊಂಡಿರಪ್ಪಾ" ಎಂದು ಒಳಗೆ ಹೋದರು.

ಬಾಟಲಿಗಳನ್ನು ಹಿಡಿದು ನಿಂತಲ್ಲೇ ಅವನು ನ್ಯಾಯ ತೀರ್ಮಾನ ಮಾಡಿದ. ಅಣ್ಣನದು ಕಲೆಯೇ ಅಲ್ಲ. ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಮೂಗಿನ ಒಳಗೋಡೆ ಸೊಟ್ಟಗಾಗಿದೆ; ಮೈಕಿನ ಮುಂದೆ ಇರುವ ದನಿಯೇ ಮನೆಯಲ್ಲೂ, ತರಕಾರಿ ಅಂಗಡಿಯಲ್ಲೂ ಇದೆ. ಬಾಯಿ ತೆರೆದರೆ ಸಾಕು, ಕರಡಿ ಹೊರಬರುತ್ತದೆ. ತಾನಾದರೋ ಸಲೀಸಾದ ಮೂಗಿಟ್ಟುಕೊಂಡು, ಕಿರುನಾಲಗೆ ಎತ್ತಿ, ಉಸಿರು ತಡೆದು, ಬೆವರು ಸುರಿಸಿ ಅದೇ ದನಿ ತರುತ್ತೇನೆ. ಒಂದು ಡೊಂಕು ಮೂಗಿಗೆ ಇಷ್ಟು ಹಾರ ತುರಾಯಿ! ಆ ಡೊಂಕು ಇಲ್ಲದೇ ಹೋದರೆ?

ಯೋಚನೆ ಅಲ್ಲಿಂದ ತಾನಾಗಿ ಬೆಳೆಯಿತು. ಕೇಂದ್ರದ ಗಾಯಕನೊಬ್ಬ ಹಿಂದೆ ಹೇಳಿದ್ದ: ಮೂಗಿನ ಆಪರೇಷನ್‌ಗೆ ಹೋದಾಗ ಡಾಕ್ಟರು ಮೊದಲು ಕೇಳಿದ್ದೇ ಏನು ಕೆಲಸ ಅಂತ, ಮೂಗಿನೊಳಗೆ ಜಾಗ ಹೆಚ್ಚಾದರೆ ದನಿಯ ಗುಂಗು ಕೊಂಚ ಬದಲಾಗಬಹುದು, ಸಾಮಾನ್ಯ ಜನಕ್ಕೆ ಅದು ಗೊತ್ತೂ ಆಗುವುದಿಲ್ಲ, ದನಿಯನ್ನೇ ನಂಬಿದವರು ಮಾತ್ರ ಹತ್ತು ಸಲ ಯೋಚಿಸಬೇಕು ಎಂದಿದ್ದರಂತೆ. ಬದಲಿ ಅದನ್ನು ಮೆಲುಕು ಹಾಕಿದಷ್ಟೂ ಅದರ ಸೊಗಸು ಹೆಚ್ಚಿತು. ವಿಷ ಬೇಡ, ಚಾಕು ಬೇಡ. ಕತ್ತರಿಸುವವರು ಪದವಿ ಪಡೆದ ಡಾಕ್ಟರು. ಕತ್ತರಿಸಿಕೊಳ್ಳುವವನು ತಾನಾಗಿ ಹೋಗಿ ಮಲಗುತ್ತಾನೆ, ಎದ್ದಮೇಲೆ ಕೈ ಮುಗಿದು ಬರುತ್ತಾನೆ. ಕೊಲೆಯಾಗುವುದು ಕರಡಿ ಮಾತ್ರ. ಕರಡಿಯ ಕೊಲೆಗೆ ಯಾವ ಪೊಲೀಸು ಬರುತ್ತಾನೆ?

ಅಣ್ಣನಿಗೆ ಉಸಿರಿನ ತೊಂದರೆ ಇದ್ದದ್ದು ನಿಜವೇ. ಅದೇ ಈ ಯೋಜನೆಯ ಅಂದ. ಒಂದು ಭಾನುವಾರ ಅವರ ಮನೆಗೆ ಹೋಗಿ ಕೂತು, ಅತ್ತಿಗೆಯ ಮುಂದೆ ಮಾತನ್ನು ಮೆಲ್ಲಗೆ ಗೊರಕೆಯತ್ತ ತಿರುಗಿಸಿದ. ಅತ್ತಿಗೆ ಕಾಯುತ್ತಿದ್ದವಳಂತೆ ಶುರು ಮಾಡಿದಳು.

"ಗೊರಕೆ ಹೊಡೆದ್ರೆ ಹೊಡೀಲಿ ಬಿಡಪ್ಪ, ನನಗೆ ಅಭ್ಯಾಸ ಆಗಿದೆ. ಮಧ್ಯೆ ಇದ್ದಕ್ಕಿದ್ದ ಹಾಗೆ ನಿಂತು ಹೋಗುತ್ತಲ್ಲ, ಆಗ ನನ್ನ ಜೀವ ಬಾಯಿಗೆ ಬರುತ್ತೆ. ಅಲ್ಲಾಡಿಸಿ ಅಲ್ಲಾಡಿಸಿ ಎಬ್ಬಿಸ್ತೀನಿ. ಮೂಗಿಗೆ ಬಿಡೋ ಔಷಧಿ ಎಲ್ಲ ಆಯ್ತು. ಯಾವುದಕ್ಕೂ ಜಗ್ಗಲಿಲ್ಲ."

"ಅಣ್ಣಾ, ನಂಗೊಬ್ಬರು ಒಳ್ಳೆ ಡಾಕ್ಟರ್ ಗೊತ್ತು," ಎಂದ ಬದಲಿ. ಅವನ ಕಣ್ಣಲ್ಲಿ ನೀರು ಕೂಡ ಬಂತು. ಅಷ್ಟರಮಟ್ಟಿಗೆ ಅವನು ನಟನೇ.

ಅಣ್ಣ ಮೂಗನ್ನು ಸವರಿಕೊಂಡರು. "ದದಿ ಗಿದಿ ಕೆಟ್ಟೀತೇದೋ, ತಬ್ಬಾ?"

"ದನಿ ಇರೋದು ಗಂಟಲಲ್ಲಿ ಅಣ್ಣಾ. ಮೂಗಲ್ಲಿ ಏನಿದೆ, ಗಾಳಿ." ಆಮೇಲೆ ದನಿ ತಗ್ಗಿಸಿ ಸೇರಿಸಿದ: "ಒಂದೇ ಮಾತು. ಅಲ್ಲಿ ರೇಡಿಯೋ ಸುದ್ದಿ ಎತ್ತಬೇಡಿ. ನೆಗಡಿ ಮಾವನ ನೆಗಡಿ ವಾಸಿ ಆಯ್ತು ಅಂತ ನಾಳೆ ಪೇಪರಿನವರು ಬರೆದ್ರೆ ಮಕ್ಕಳಿಗೆ ಏನಂತ ಹೇಳ್ತೀರಿ? ಗೋಡೌನ್‌ನಲ್ಲಿ ಕೆಲಸ ಅಂದುಬಿಡೋಣ. ಮಾತೆಲ್ಲ ನಂಗೆ ಬಿಡಿ."

ಮಕ್ಕಳ ಹೆಸರು ಹೇಳಿದರೆ ಅಣ್ಣ ಬೆಣ್ಣೆಯಂತೆ ಕರಗುತ್ತಾರೆಂದು ಅವನಿಗೆ ಗೊತ್ತಿತ್ತು. ಕರಗಿದರು. ಅತ್ತಿಗೆಗೆ ಬಾಯಲ್ಲಿ ಮಾತು ನಿಲ್ಲುವುದಿಲ್ಲವೆಂಬುದೂ ಗೊತ್ತಿತ್ತು. ಆದ್ದರಿಂದ ಅವಳು ತಂಗಿಯ ಮನೆಗೆ ಹೋಗುವ ದಿನಕ್ಕೇ ಡಾಕ್ಟರ ಭೇಟಿ ಗೊತ್ತು ಮಾಡಿದ.

ಡಾಕ್ಟರು ನಡುವಯಸ್ಸಿಗೆ ಕಾಲಿಡುತ್ತಿದ್ದ ಹೆಂಗಸು. ಮಾತು ಕಡಿಮೆ, ಕೈ ಚುರುಕು. ಸಣ್ಣ ದೀಪದ ಕೊಳವೆಯನ್ನು ಮೂಗಿನೊಳಗೆ ತೂರಿಸಿ ಪರದೆಯ ಮೇಲೆ ತೋರಿಸಿದಳು. ಮಧ್ಯದ ಗೋಡೆ ಒಂದು ಕಡೆಗೆ ವಾಲಿ ಆ ಹೊಳ್ಳೆಯನ್ನು ಪೂರಾ ಮುಚ್ಚಿತ್ತು. ಬದಲಿ ಅದನ್ನು ಭಕ್ತಿಯಿಂದ ನೋಡಿದ. ಅಷ್ಟು ವರ್ಷ ತನ್ನ ಬಾಳಿಗೆ ಅಡ್ಡ ನಿಂತಿದ್ದದ್ದು ಅಷ್ಟಗಲದ ಮೃದು ಎಲುಬು!

"ಇವರ ಕೆಲಸ?" ಎಂದು ಕೇಳಿದಳು ಡಾಕ್ಟರು.

"ಗೋಡೌನ್‌ನಲ್ಲಿ ಮೇಡಂ," ಎಂದ ಬದಲಿ ಅಣ್ಣನಿಗಿಂತ ಮೊದಲೇ. "ಸಾಮಾನು ಇಳಿಸೋದು, ಏರಿಸೋದು ನೋಡ್ಕೋತಾರೆ. ಮಾತುಕತೆಯೇ ಇಲ್ಲದ ಕೆಲಸ."

"ನಿಮಗೇನು ತೊಂದರೆ, ನೀವೇ ಹೇಳಿ," ಎಂದು ಆಕೆ ಅಣ್ಣನ ಕಡೆ ತಿರುಗಿದಳು. ಅಣ್ಣ ಎರಡೇ ಮಾತು ಆಡಿದರು. ಮಲಗಿದರೆ ಉಸಿರು ಕಟ್ಟುತ್ತದೆ, ಹೆಂಡತಿ ಹೆದರಿಕೊಳ್ಳುತ್ತಾಳೆ, ಅಷ್ಟೇ. ಡಾಕ್ಟರ ಪೆನ್ನು ಒಂದು ಕ್ಷಣ ಕಾಗದದ ಮೇಲೆ ನಿಂತಿತು. ತಲೆಯೆತ್ತಿ ಅಣ್ಣನನ್ನೂ, ಆಮೇಲೆ ಬದಲಿಯನ್ನೂ ನೋಡಿದಳು. ಇಂಥ ತಮ್ಮ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದುಕೊಂಡಿರಬೇಕು ಅನ್ನಿಸಿ ಬದಲಿ ವಿನಯದಿಂದ ತಲೆ ತಗ್ಗಿಸಿದ.

ಆಮೇಲೆ ಆಕೆ ನಿಧಾನವಾಗಿ ವಿವರಿಸಿದಳು. "ಒಳಗಿನ ಗೋಡೆ ಮಾತ್ರ ನೇರ ಮಾಡಬಹುದು. ಉಸಿರಾಟ ಸಲೀಸಾಗುತ್ತೆ, ಮುಖ ಹೀಗೇ ಇರುತ್ತೆ. ಇಲ್ಲ, ಮೇಲಿನ ಉಬ್ಬು ತೆಗೆದು ಆಕಾರ ತಿದ್ದಬಹುದು. ಅದು ಅಂದಕ್ಕೆ, ಅಷ್ಟರಿಂದಲೇ ಉಸಿರು ಸರಿಹೋಗಲ್ಲ. ಬೇಕು ಅಂದ್ರೆ ಎರಡೂ ಒಟ್ಟಿಗೇ ಮಾಡ್ತೀವಿ. ಊತ ಇಳಿಯೋಕೆ ಮಾತ್ರ ಹೆಚ್ಚು ದಿನ ಬೇಕು."

"ಎರಡೂ ಮಾಡಿಬಿಡಿ ಮೇಡಂ," ಎಂದ ಬದಲಿ ಉದಾರವಾಗಿ. ಎಷ್ಟು ಹೆಚ್ಚು ಕೆದಕಿದರೆ ಅಷ್ಟು ಒಳ್ಳೆಯದು.

ಅಣ್ಣ ನಕ್ಕು ಕೈಯಾಡಿಸಿದರು. ಈ ವಯಸ್ಸಿನಲ್ಲಿ ಮದುಮಗನಾಗುವ ಆಸೆ ಅವರಿಗಿರಲಿಲ್ಲ. ಉಸಿರಿಗೆ ಬೇಕಾದಷ್ಟು ಸಾಕು ಎಂದು ತೀರ್ಮಾನವಾಯಿತು. ಇಷ್ಟೆಲ್ಲದರ ನಡುವೆ ಡಾಕ್ಟರು ದನಿಯ ಮಾತನ್ನೇ ಎತ್ತಲಿಲ್ಲ. ಗೋಡೌನ್ ತನ್ನ ಕೆಲಸ ಮಾಡಿತ್ತು. ಆಪರೇಷನ್ನಿನ ಹಿಂದಿನ ದಿನ ಆಕೆ ಬದಲಿಯನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿಕೊಂಡು ಅಣ್ಣನೊಬ್ಬರ ಜೊತೆ ಮಾತಾಡಿದಳು. ಆಸ್ಪತ್ರೆ ಅಂದಮೇಲೆ ಅದೆಲ್ಲ ಮಾಮೂಲು. ಹೊರಗೆ ಬಂದ ಅಣ್ಣ ಬದಲಿಯ ಭುಜದ ಮೇಲೆ ಕೈಯಿಟ್ಟು ಅವನ ಮುಖವನ್ನೇ ತುಸು ಹೊತ್ತು ನೋಡಿದರು. ಪಾಪ, ಹೆದರಿದ್ದಾರೆ ಎಂದು ಇವನಿಗೆ ನಿಜಕ್ಕೂ ಕನಿಕರವಾಯಿತು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಅಣ್ಣನಿಗೆ ದೀರ್ಘ ರಜೆ. ಕರಡಿ ಬದಲಿಯ ಕೈಗೆ ಬಂತು.

ಅದು ಅವನ ಬಾಳಿನ ವಸಂತ. ಮೊದಮೊದಲು ಅಣ್ಣನಂತೆಯೇ ಮಾಡಿದ. ಆಮೇಲೆ ಅಣ್ಣನಿಗಿಂತ ಚೆನ್ನಾಗಿ ಮಾಡುತ್ತಿದ್ದೇನೆ ಅನ್ನಿಸಿತು. ಸೀನುವ ಮೊದಲು ಒಂದು ಸಣ್ಣ ತಡೆ ಇಟ್ಟ. ನಗುವಿನ ಕೊನೆಗೆ ಒಂದು ಗೊರಕೆ ಸೇರಿಸಿದ. ಮಕ್ಕಳ ಫೋನುಗಳು ಹೆಚ್ಚಿದವು. ಮುಖ್ಯಸ್ಥರ ಕೋಣೆಗೆ ಹೋಗಿ ಗಂಭೀರವಾಗಿ ಹೇಳಿದ:

"ಸರ್, ಅಣ್ಣನ ದನಿ ಮೊದಲಿನ ಹಾಗೆ ಬರುತ್ತೋ ಇಲ್ವೋ, ದೇವರೇ ಬಲ್ಲ. ಕರಡಿ ಮಾಡ್ಕೊಂಡು ಕಪ್ಪೆ, ನಾಯಿ ಎಲ್ಲ ಮಾಡೋದು ನನಗೆ ಕಷ್ಟ. ಇನ್ನು ಗಾಳಿ ಬೀಸೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಅವರು ನೋಡಿಕೊಂಡರು. ಹೊಸದಾಗಿ ಬಂದ ಹುಡುಗಿ ಬಿರುಗಾಳಿಯನ್ನು ಎಷ್ಟು ಚೆನ್ನಾಗಿ ಬೀಸಿದಳೆಂದರೆ ಪಕ್ಕದ ಕೋಣೆಯವರು ಕಿಟಕಿ ಮುಚ್ಚಲು ಎದ್ದು ಬಂದರು. ಕಪ್ಪೆ, ನಾಯಿ, ಬಾಗಿಲು ಎಲ್ಲ ಅವಳಿಗೆ ಹೋದವು. ಬದಲಿ ಹರಸಿ ಬಿಟ್ಟುಕೊಟ್ಟ. ದೊರೆಗೆ ಕಪ್ಪೆ ಯಾಕೆ?

ನಡುವೆ ಅಣ್ಣನನ್ನು ನೋಡಲು ಹೋಗುತ್ತಲೂ ಇದ್ದ. ಆದರೆ ಅಣ್ಣ ಮಾತಾಡುತ್ತಿರಲಿಲ್ಲ. ಡಾಕ್ಟರು ಬೇಡ ಅಂದಿದ್ದಾರೆ ಎಂದು ಸನ್ನೆ ಮಾಡುತ್ತಿದ್ದರು. ಮುಖ ಮಾತ್ರ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. "ಈಗ ಮಗುವಿನ ಹಾಗೆ ನಿದ್ದೆ ಮಾಡ್ತಾರೆ," ಎಂದಳು ಅತ್ತಿಗೆ. "ಸಂಜೆ ಆಯ್ತು ಅಂದ್ರೆ ರೇಡಿಯೋ ಮುಂದೆ ಕೂತ್ಕೊಂಡು ನಿನ್ನನ್ನೇ ಕೇಳ್ತಾರಪ್ಪ. ಒಂದು ದಿನವೂ ತಪ್ಪಿಸಲ್ಲ." ಬದಲಿಗೆ ಖುಷಿಯಾಯಿತು. ಅಣ್ಣನಿಗೆ ಕಳೆದುಕೊಂಡದ್ದರ ರುಚಿ ದಿನವೂ ಸಿಗುತ್ತಿದೆ ಎಂದಾಯಿತು.

ಅಣ್ಣ ಕೆಲಸಕ್ಕೆ ಮರಳಿದ ದಿನ ಮುಖ್ಯಸ್ಥರು ದನಿ ಪರೀಕ್ಷೆಗೆ ಎಲ್ಲರನ್ನೂ ಸ್ಟುಡಿಯೋದಲ್ಲಿ ಸೇರಿಸಿದರು. ಗಾಳಿಯ ಹುಡುಗಿಯೂ ಮೂಲೆಯಲ್ಲಿ ನಿಂತಿದ್ದಳು. ಅಣ್ಣ ಮೈಕಿನ ಮುಂದೆ ಕೂತು, ಗಂಟಲು ಸರಿಮಾಡಿಕೊಂಡು ಹೇಳಿದರು:

"ನಮಸ್ಕಾರ ಮಕ್ಕಳೇ."

ಗಂಟೆ ಬಾರಿಸಿದ ಹಾಗೆ ಸ್ವಚ್ಛವಾದ 'ನ'. ತುಂಬಿದ, ಗುಂಡಗಿನ 'ಮ'. ಬ್ಯಾಂಕಿನ ಮ್ಯಾನೇಜರರ ದನಿ ಅದು. ಕರಡಿ ಸತ್ತಿತ್ತು. ಬದಲಿ ತುಟಿ ಕಚ್ಚಿ ನಗು ನುಂಗಿದ.

"ಅಯ್ಯೋ," ಎಂದರು ಮುಖ್ಯಸ್ಥರು. "ಏನಾಯ್ತು ಇದು! ರೇಡಿಯೋದಲ್ಲಿ ಕೆಲಸ ಅಂತ ಡಾಕ್ಟರಿಗೆ ಮೊದಲೇ ಹೇಳಿರಲಿಲ್ವಾ?"

ಈ ಪ್ರಶ್ನೆಗೂ ಅವನು ಸಿದ್ಧನಾಗಿಯೇ ಬಂದಿದ್ದ. "ನಾನು ಬಡ್ಕೊಂಡೆ ಸರ್," ಎಂದ ಹಣೆ ಮುಟ್ಟಿಕೊಂಡು. "ಹೇಳಿಬಿಡಿ ಅಣ್ಣಾ, ದನಿ ವಿಷಯ ಕೇಳಿಬಿಡಿ ಅಂತ ಎಷ್ಟು ಸಲ ಹೇಳಿದೆ. ಇವರೇ ಬೇಡ, ಗೋಡೌನ್ ಅನ್ನು ಅಂದ್ರು. ಹಿರಿಯರು, ಏನು ಮಾಡೋಕಾಗುತ್ತೆ?"

ಮುಖ್ಯಸ್ಥರು ಅಣ್ಣನ ಕಡೆ ನೋಡಿದರು; ಅಣ್ಣ ಮುಖ್ಯಸ್ಥರ ಕಡೆ ನೋಡಿದರು. ಅವರಿಬ್ಬರೂ ಇದನ್ನು ಮೊದಲೇ ಮಾತಾಡಿಕೊಂಡಿದ್ದಾರೆಂದು ಬದಲಿಗೆ ಹೊಳೆಯುವಷ್ಟರಲ್ಲಿ ಅಣ್ಣ ಮೂಗಿನಿಂದಲೇ, ಒಂದಿಷ್ಟೂ ಸದ್ದಿಲ್ಲದೆ, ದೀರ್ಘವಾಗಿ ಉಸಿರೆಳೆದು ಮೈಕಿನತ್ತ ಬಾಗಿದರು.

"ದಬಸ್ಕಾರ ಬಕ್ಕಳೇ! ದಿಬ್ಬ ಬಾವ ಬಂದ!"

ಸೀನುವ ಮೊದಲು ಒಂದು ಸಣ್ಣ ತಡೆ. ನಗುವಿನ ಕೊನೆಗೆ ಒಂದು ಗೊರಕೆ.

ಹುಡುಗಿ ಚಪ್ಪಾಳೆ ತಟ್ಟಿದಳು.

"ಮೊದಲು ಬಾಯಿ ತೆಗೆದರೆ ತಾನಾಗಿ ಬರ್ತಿತ್ತು ಕಣೋ, ಹೇಗೆ ಬರುತ್ತೆ ಅಂತ ನಂಗೇ ಗೊತ್ತಿರಲಿಲ್ಲ," ಎಂದರು ಅಣ್ಣ ಹೊಸ ದನಿಯಲ್ಲಿ, ಕೋಪವೇ ಇಲ್ಲದೆ. "ಈಗ ದಿನಾ ಸಂಜೆ ನಿನ್ನನ್ನ ಕೇಳಿ ಕೇಳಿ ಕಲಿತೆ. ಒಳ್ಳೆ ಮೇಷ್ಟ್ರು ನೀನು. ದನಿ ಹೋಗಬಹುದು ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ರು. ಹೋದ್ರೆ ಹೋಗಲಿ, ನಮ್ಮವಳು ನಿಶ್ಚಿಂತೆಯಿಂದ ಮಲಗಲಿ ಅಂತ ಒಪ್ಪಿದೆ. ಆದ್ರೆ ನೀನು ಯಾಕೆ ಮುಚ್ಚಿಟ್ಟೆ ಅನ್ನೋದನ್ನ ನಿನ್ನ ಬಾಯಿಂದ ಕೇಳಬೇಕಿತ್ತು. ಕೇಳಿದೆ."

ಕಪ್ಪೆ ಹೋಗಿತ್ತು, ನಾಯಿ ಹೋಗಿತ್ತು, ಗಾಳಿ ಕೂಡ ಅವನದಾಗಿ ಉಳಿದಿರಲಿಲ್ಲ. ಮುಖ್ಯಸ್ಥರು ಬಾಗಿಲು ತೆರೆದು ಹಿಡಿದಿದ್ದರು. ಆದರೂ ಅವನ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಎಲ್ಲ ಬಾಯಿಗಳನ್ನೂ ಮುಚ್ಚಿಸಿದ್ದ, ಅತ್ತಿಗೆಯನ್ನು ದೂರವಿಟ್ಟಿದ್ದ, ಗೋಡೌನ್ ಕಟ್ಟಿ ನಿಲ್ಲಿಸಿದ್ದ. "ಡಾಕ್ಟರಿಗೆ ಹೇಳಿದ್ದು ಯಾರು?" ಎಂದು ಕೊನೆಗೂ ಕೇಳಿಯೇಬಿಟ್ಟ. "ಯಾರೂ ಹೇಳಲಿಲ್ಲ," ಎಂದರು ಅಣ್ಣ. "ಉಸಿರು ಕಟ್ಟುತ್ತಬ್ಬಾ ಅಂತ ಎರಡು ಮಾತು ಆಡಿದೆನಲ್ಲ, ಅಷ್ಟೇ. ಬಾಗಿಲು ಹಾಕ್ಕೊಂಡು ಡಾಕ್ಟರಮ್ಮ ಮೊದಲು ಕೇಳಿದ್ದೇ, ಮಾವಾ, ಜೇನುಗೂಡಿಗೆ ಕೈ ಹಾಕಿದ ಕತೆ ಈಗಲೂ ಹೇಳ್ತೀರಾ ಅಂತ." ಅಣ್ಣನ ದನಿಯನ್ನು ವರ್ಷಗಟ್ಟಲೆ ಪಕ್ಕದಲ್ಲೇ ಕೂತು ಕೇಳಿ, ಅದು ಕಿವಿಗೆ ಬೀಳುವುದೇ ನಿಂತುಹೋಗಿದ್ದ ಬದಲಿ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದ, ಇದೇ ಊರಿನಲ್ಲಿ ಹುಟ್ಟಿ ಬೆಳೆದ ಡಾಕ್ಟರು ಕೂಡ ಒಂದು ಕಾಲದಲ್ಲಿ ಮಗುವಾಗಿದ್ದಳು ಎಂಬುದೊಂದನ್ನು ಬಿಟ್ಟು.