ವಿಮಾನಕ್ಕೆ ಆಯುಧಪೂಜೆ

ಐವತ್ತಾರನೇ ಇಸವಿಯ ವಿಜಯದಶಮಿ. ಯಾದವಗಿರಿಯ ಗೆಳತಿ ಸರೋಜಮ್ಮನವರ ಮನೆಯಲ್ಲಿ ಪಾರ್ವತಮ್ಮ ಇನ್ನೂ ಕಾಫಿ ಲೋಟ ಬಾಯಿಗಿಟ್ಟಿರಲಿಲ್ಲ, ಮನೆಗೆಲಸದ ಬಸಮ್ಮ ಅಳುತ್ತ ಒಳಗೆ ನುಗ್ಗಿದಳು.

“ಅಮ್ಮಾವ್ರೇ, ನಮ್ಮೆಜಮಾನ್ರನ್ನ ಪೊಲೀಸ್ನೋರು ಹಿಡ್ಕೊಂಡೋಗ್ಬುಟ್ರು! ಅವರು ಅಂಥ ಕೆಲ್ಸ ಮಾಡಾಕಿಲ್ಲ ಕಣವ್ವ, ನೀವೇ ಬಿಡಿಸ್ಬೇಕು.”

ಸರೋಜಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಪೊಲೀಸರು ಕೈಚೆಲ್ಲಿದ ಗಂಟುಗಳನ್ನು ಬಿಡಿಸುವುದರಲ್ಲಿ ಮೈಸೂರಿಗೇ ಹೆಸರಾದವರು. ಬಸಮ್ಮನ ಗಂಡ ಜವರಪ್ಪ, ಮಹದೇವು ಎಂಬ ಸಿರಿವಂತ ಯುವಕನ ಪುಟ್ಟ ವಿಮಾನಕ್ಕೆ ಮೆಕ್ಯಾನಿಕ್. ಹಿಂದಿನ ದಿನ ಆಯುಧಪೂಜೆ ಮುಗಿಸಿ ಜನರೆದುರು ಹಾರಿದ ಮಹದೇವು, ಇಳಿಯುವಾಗ ವೇಗ ತಿಳಿಯದೆ ರಾಗಿ ಹೊಲಕ್ಕೆ ಬಿದ್ದು ಕಾಲು ಮುರಿದುಕೊಂಡಿದ್ದ. ರೆಕ್ಕೆಯಿಂದ ಮುಂದಕ್ಕೆ ಚಾಚಿದ ಸಣ್ಣ ಕೊಳವೆಯೊಳಗೆ ಗಾಳಿ ನುಗ್ಗಿದರೆ ಮಾತ್ರ ವೇಗದ ಮುಳ್ಳು ಏಳುವುದು. ಆ ಕೊಳವೆಯ ಬಾಯಿ ಕಟ್ಟಿಹೋಗಿತ್ತು. ಜವರಪ್ಪನೇ ಹಗೆಯಿಂದ ಮುಚ್ಚಿದನೆಂದು ಮಹದೇವು ದೂರು ಕೊಟ್ಟಿದ್ದ.

“ಹಬ್ಬಕ್ಕೆ ರಜ ಕೊಡ್ಲಿಲ್ಲ ಅಂತ ಕೂಗಾಡಿದ್ನಂತಲ್ಲ? ಅವನೇ ಕಣೇ!” ಎಂದರು ಪಾರ್ವತಮ್ಮ.

“ಬಾಯಿಗೆ ಬೀಗ ಹಾಕ್ಕೊಂಡು ಜಟಕಾ ಹತ್ತು,” ಎಂದರು ಸರೋಜಮ್ಮ.

ಹೊಲದಲ್ಲಿ ಮೂತಿ ಊರಿದ್ದ ವಿಮಾನವನ್ನು ಅವರು ಸುತ್ತಿ ನೋಡಿದರು. ಚಕ್ರ, ಬಾಗಿಲು, ಎಲ್ಲಕ್ಕೂ ಗಂಧ, ಕುಂಕುಮ, ಅಕ್ಷತೆ. ಕೊಳವೆಯ ಬಾಯಲ್ಲೂ ಒಣಗಿದ ಗಂಧ, ಅದರಲ್ಲಿ ಅಂಟಿದ ಅಕ್ಷತೆ ಕಾಳು. ವಿಮಾನ ನಿಂತಿದ್ದಾಗ ಧೂಳು ಹೋಗದಂತೆ ಕೊಳವೆಗೆ ತೊಡಿಸುವ ಬಟ್ಟೆಯ ಚೀಲ ಸೀಟಿನ ಮೇಲಿತ್ತು. ಅದರಲ್ಲಿ ಒಂದು ಕಲೆಯೂ ಇರಲಿಲ್ಲ.

ಸಂಜೆ ಮಹದೇವುವಿನ ಮಂಚದ ಸುತ್ತ ಎಲ್ಲರೂ ಸೇರಿದರು. ಇನ್ಸ್‌ಪೆಕ್ಟರ್ ಕೆಂಪಯ್ಯ ಜವರಪ್ಪನನ್ನು ಕೋಳ ಹಾಕಿಯೇ ಕರೆತಂದಿದ್ದರು.

“ಚೀಲ ತೆಗೆದವರು ಯಾರಪ್ಪ?” ಸರೋಜಮ್ಮ ಮಹದೇವುವನ್ನು ಕೇಳಿದರು.

“ನಾನೇ, ಪೂಜೆ ಆದ್ಮೇಲೆ. ಕೊಳವೆ ಚೊಕ್ಕಟವಾಗಿತ್ತು. ಸುತ್ತ ನೋಡ್ಕೊಂಡೇ ಹತ್ತಿದೆ. ಆಮೇಲೆ ಇವನು ಮೆತ್ತಿದ್ದಾನೆ.”

“ಪೂಜೆ ಹೊತ್ತಲ್ಲಿ ಚೀಲ ಇದ್ದಿದ್ರೆ ಗಂಧ ಚೀಲಕ್ಕೆ ಅಂಟ್ತಿತ್ತು. ಚೀಲ ಶುದ್ಧವಾಗಿದೆ. ಅಂದ್ರೆ ನೀನು ಮುಂಚೆನೇ ತೆಗೆದಿದ್ದೆ. ಇನ್ನು, ಹಗೆಗೆ ಮೆತ್ತೋನು ಅಕ್ಷತೆ ಹಾಕ್ತಾನಾ?”

ಮೂಲೆಯಲ್ಲಿ ಕುಳಿತಿದ್ದ ಮಹದೇವುವಿನ ತಾಯಿ ಚಾಮುಂಡಮ್ಮ ಬಾಯಿ ಬಡಿದುಕೊಂಡರು. “ಅಯ್ಯೋ ದೇವ್ರೇ! ಅದು ಈಟಿ ಇದ್ದಂಗಿತ್ತು ಕಣ್ರೀ. ಆಯುಧ ಅಂತ ಅದಕ್ಕೇ ಮೊದ್ಲು ಹಚ್ಚಿದೆ. ಮಗನ್ನ ನಾನೇ ಬೀಳಿಸ್ಬುಟ್ನಾ?”

“ಇಲ್ಲ ಕಣಮ್ಮ. ಹತ್ತೋಕೆ ಮುಂಚೆ ನಿಮ್ಮ ಮಗ ಒಂದ್ಸಲ ಸುತ್ತಿ ನೋಡಿದ್ರೆ ಕಾಣ್ತಿತ್ತು, ನೋಡ್ಲಿಲ್ಲ. ನೆಲದ ಮೇಲೆ ಓಡ್ವಾಗ್ಲೇ ಮುಳ್ಳು ಏಳ್ಲಿಲ್ಲ, ಆಗ್ಲಾದ್ರೂ ನಿಲ್ಲಿಸ್ಬಹುದಿತ್ತು. ಅಷ್ಟು ಜನದ ಮುಂದೆ ನಿಲ್ಲಿಸೋಕೆ ನಾಚಿಕೆ. ಹೌದೇನಪ್ಪ?”

“ಲೈಸೆನ್ಸ್ ಹೋಗುತ್ತೆ ಅಂತ ಸುಳ್ಳು ಹೇಳಿದೆ,” ಎಂದ ಮಹದೇವು, ಗೋಡೆ ನೋಡುತ್ತ.

“ಅದನ್ನ ಇನ್ಸ್‌ಪೆಕ್ಟ್ರ ಮುಖ ನೋಡಿ ಹೇಳೋ!” ಎಂದರು ಚಾಮುಂಡಮ್ಮ. ಅವನು ಹೇಳಿದ. ಕೆಂಪಯ್ಯ ಕೋಳ ಬಿಚ್ಚಿದರು.

“ಮನಸ್ಸಲ್ಲಿ ಇಟ್ಕೋಬೇಡ ಜವರಪ್ಪ. ಕೆಲಸಕ್ಕೆ ಬಾ,” ಎಂದ ಮಹದೇವು.

ಜವರಪ್ಪ ಮಣಿಕಟ್ಟು ತಿಕ್ಕಿಕೊಂಡು, ಹೆಂಡತಿಯ ಪಕ್ಕಕ್ಕೆ ಬಂದು ನಿಂತ.

“ಕಾಲು ಬೇಗ ವಾಸಿಯಾಗ್ಲಿ ಬುದ್ಧಿ. ಆದ್ರೆ ನಿಮ್ಮ ವಿಮಾನ ಇನ್ಮೇಲೆ ನಾನು ಮುಟ್ಟಾಕಿಲ್ಲ.”